ಶಂಖ ಊದಿದ ಮೇಲೆ

ಫಾಗಾಲೇಲೆ, ಸವಾಯಿ ದ್ವೀಪ, ಸಮೋವಾ
ಮಾರ್ಚ್ ೧೭, ೧೯೯೭

ಪ್ರೀತಿಯ ಅಣ್ಣ ಮಿಕಾ,

ನೀನು ಬ್ರಿಸ್ಬೇನ್ ಮುಟ್ಟಿದೆ ಎಂದು ಚಿಕ್ಕಪ್ಪ ಪಾದ್ರಿಗಳ ಮನೆಗೆ ಫೋನು ಮಾಡಿದ್ದರು. ಪಾದ್ರಿಗಳು ಬಂದು ಅಪ್ಪನಿಗೆ ಹೇಳಿದರು. ಅಪ್ಪ "ಸರಿ" ಎಂದು ಬಲೆ ಹೊಲಿಯುತ್ತ ಕೂತರು. ಆ ಬಲೆಯಲ್ಲಿ ಹರಿದದ್ದು ಏನೂ ಇರಲಿಲ್ಲ.

ಫೇತೂವನ್ನು ಅವರ ಮನೆಯ ಮುಂದೆಯೇ ಮಣ್ಣು ಮಾಡಿದರು. ನಾನು ಹತ್ತಿರ ಹೋಗಲಿಲ್ಲ. ಶಾಲೆಯ ದೀವಿಹಲಸಿನ ಮರದ ಕೆಳಗೆ ನಿಂತು ನೋಡಿದೆ. ಮೊನ್ನೆಯವರೆಗೆ ನಾನು ಪಾಠ ಹೇಳುವ ತರಗತಿಯ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ. ನಮ್ಮ ಮನೆಯವರು ಯಾರೂ ಹತ್ತಿರ ಹೋಗುವ ಹಾಗಿರಲಿಲ್ಲ.

ಅವಳು ರಸ್ತೆಗೆ ಯಾಕೆ ಬಂದಳೆಂದು ನೀನು ಕೇಳುವುದಿಲ್ಲ. ಆದರೂ ಬರೆಯುತ್ತೇನೆ. ಸಂಜೆಯ ಪ್ರಾರ್ಥನೆಗೆ ಶಂಖ ಊದಿತ್ತು. ಅವರ ಮನೆಯಲ್ಲಿ ಎಲ್ಲರೂ ಕೂತಿದ್ದರು. ಹಾಡಿನ ಪುಸ್ತಕ ರಸ್ತೆಯ ಆಚೆ, ಲಿತಿಯಾ ಅಜ್ಜಿ ಮಲಗುವ ಮನೆಯಲ್ಲಿ ಉಳಿದಿತ್ತು. ಅಜ್ಜಿ ಮೊಮ್ಮಗಳನ್ನು ಕಳಿಸಿದರು. ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದೆಂಬುದು ನಮ್ಮೂರ ಕಟ್ಟಳೆ, ರಸ್ತೆಯಲ್ಲಿ ಕೋಳಿಯೂ ಅಡ್ಡಾಡುವುದಿಲ್ಲ. ಬೇರೆ ಯಾವ ಹೊತ್ತಿನಲ್ಲಾದರೂ "ಎರಡೂ ಕಡೆ ನೋಡು" ಎನ್ನುತ್ತಿದ್ದ ಅಜ್ಜಿ ಆಗ ಅನ್ನಲಿಲ್ಲ. ಪುಸ್ತಕ ತೆಗೆದುಕೊಂಡು ಅವಳು ಓಡಿ ಬಂದಳು. ನೀನು ಮೀನಿನ ಗಾಡಿ ಓಡಿಸುತ್ತ ಬಂದೆ.

ನೀನು ಹೊರಟುಹೋದ ಮಾರನೆಯ ದಿನ ಬೆಳಗಿನ ಜಾವ ಅಪ್ಪ, ದೊಡ್ಡಪ್ಪ, ನಮ್ಮ ಮನೆತನದ ಗಂಡಸರೆಲ್ಲ ಅವರ ಅಂಗಳಕ್ಕೆ ಇಫೋಗಾಕ್ಕೆ ಹೋದರು. ಕೇದಗೆ ಗರಿಯಿಂದ ಅಮ್ಮ ನೇಯ್ದಿದ್ದ ದೊಡ್ಡ ಚಾಪೆಯನ್ನು ಹೊದ್ದು ಮಂಡಿಯೂರಿದರು. ಕಲ್ಲು, ಸೌದೆ ಮುಂದಿಟ್ಟರು. ನಿಮಗೆ ಬೇಕೆನಿಸಿದರೆ ಒಲೆ ಹೂಡಿ ನಮ್ಮನ್ನೇ ಬೇಯಿಸಿ ಎಂದು ಶರಣಾಗುವುದು. ಇದೆಲ್ಲ ನಿನಗೆ ಗೊತ್ತಿದೆ. ಅವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತುತ್ತಾರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಅಪ್ಪ ಊರ ಹಿರಿಯರು, ಚರ್ಚಿನ ಸಭೆಯ ಹಿರಿಯರು.

ಲಿತಿಯಾ ಅಜ್ಜಿ ಹೊರಗೆ ಬಂದು ಕಂಬ ಹಿಡಿದು ನಿಂತರು.

"ಸಾಲೆವಾ, ಈ ಮೊಣಕಾಲು ಯಾರದು?" ಎಂದು ಅಪ್ಪನನ್ನು ಕೇಳಿದರು. "ಗಾಡಿ ಓಡಿಸಿದ್ದು ಈ ಮೊಣಕಾಲಲ್ಲ. ಆ ಮೊಣಕಾಲು ಆಕಾಶದಲ್ಲಿ ಹಾರಿ ಹೋಯ್ತು. ನಿಮ್ಮದನ್ನ ತಗೊಂಡು ನಾನೇನು ಮಾಡ್ಲಿ? ಎದ್ದು ಹೋಗಿ. ಬಿಸಿಲು ಏರುತ್ತೆ."

ಅಪ್ಪ ಎದ್ದರು. ಚಾಪೆ ಮಡಿಸಿಕೊಂಡು, ಕಲ್ಲು ಸೌದೆ ಹೊತ್ತುಕೊಂಡು, ಊರೆಲ್ಲ ನೋಡುತ್ತಿರುವಾಗ ವಾಪಸು ಬಂದರು. ಆ ಕಲ್ಲುಗಳು ಈಗ ನಮ್ಮ ಮೆಟ್ಟಿಲ ಪಕ್ಕದಲ್ಲಿವೆ. ಯಾರೂ ಮುಟ್ಟುವುದಿಲ್ಲ.

ಬಾ ಅಣ್ಣ. ಪೊಲೀಸರ ಮಾತು ನಾನು ಆಡುತ್ತಿಲ್ಲ.

ನಿನ್ನ ತಂಗಿ,
ತಿನೋ


ಕ್ವೀನ್ಸ್‌ಲ್ಯಾಂಡ್
ಏಪ್ರಿಲ್ ೨೮, ೧೯೯೭

ತಿನೋ,

ನಿನ್ನ ಕಾಗದ ಚಿಕ್ಕಪ್ಪನ ಮನೆಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಈಸ್ಟರ್ ಕಳೆದಿತ್ತು. ನಾನೀಗ ಬ್ರಿಸ್ಬೇನಿನಲ್ಲಿಲ್ಲ. ಉತ್ತರಕ್ಕೆ ಬಂದು ದೊಣ್ಣೆಮೆಣಸಿನಕಾಯಿ ಕೊಯ್ಯುತ್ತಿದ್ದೇನೆ. ಮೇಸ್ತ್ರಿ ಟೊಂಗಾದವನು. "ನೀವು ಸಮೋವಾದವರು ಹಾಡೋಕೆ ಮುಂದೆ, ಕೊಯ್ಯೋಕೆ ಹಿಂದೆ" ಎನ್ನುತ್ತಾನೆ. ನಾನು ಹಾಡುವುದನ್ನೂ ಬಿಟ್ಟಿದ್ದೇನೆ ಎಂದರೆ ನಂಬುವುದಿಲ್ಲ.

ಇಲ್ಲಿ ಶಂಖವಿಲ್ಲ. ಕೆಲಸಕ್ಕೆ ಸೈರನ್, ಊಟಕ್ಕೆ ಸೈರನ್. ದೇವರಿಗೆಂದು ಏನೂ ಕೂಗುವುದಿಲ್ಲ. ಸಂಜೆ ಯಾರು ಎಲ್ಲಿ ಬೇಕಾದರೂ ನಡೆಯಬಹುದು. ಮೊದಲ ವಾರ ಅದೊಂದು ನೆಮ್ಮದಿ ಅನ್ನಿಸಿತು.

ನೀನು ಫಿಜಿಯ ಸುವಾದಲ್ಲಿ ಸಾಹಿತ್ಯ ಓದಿ ಬಂದವಳು. ಕಲ್ಲು ಮೆಟ್ಟಿಲ ಪಕ್ಕದಲ್ಲಿದೆ ಎಂದು ಬರೆದು ನನ್ನ ಹೊಟ್ಟೆ ಹಿಂಡುವುದು ನಿನಗೆ ಗೊತ್ತು. ಆದರೆ ಒಂದು ಮಾತು ಹೇಳು. ನಾನು ಬಂದು ಮಂಡಿಯೂರಿದರೆ ಆ ಹುಡುಗಿ ಎದ್ದು ಬರುತ್ತಾಳೆಯೇ? ದೇವರಿಗೆ ನನ್ನ ಮೊಣಕಾಲಿನಿಂದ ಏನು ಆಗಬೇಕಾಗಿದೆ? ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿದೆಯಲ್ಲ, ಬೇಕಾದರೆ ಬರಲಿ.

ಚಿಕ್ಕವನಿದ್ದಾಗ ಪ್ರಾರ್ಥನೆಯಲ್ಲಿ ನಾನು ಕಣ್ಣು ಬಿಟ್ಟರೆ ಅಪ್ಪ ಬೀಸಣಿಗೆಯ ಹಿಡಿಯಿಂದ ನೆತ್ತಿಗೆ ಕುಟ್ಟುತ್ತಿದ್ದರು, ನೆನಪಿದೆಯಾ? ಅಪ್ಪನೂ ಕಣ್ಣು ಬಿಟ್ಟಿರದಿದ್ದರೆ ನನ್ನದು ಬಿಟ್ಟಿರುವುದು ಹೇಗೆ ತಿಳಿಯುತ್ತಿತ್ತು ಎಂದು ನೀನು ಕೇಳಿ, ನಿನಗೂ ಒಂದು ಬಿದ್ದಿತ್ತು. ನನ್ನ ತಲೆ ಇದುವರೆಗೆ ಬಾಗಿದ್ದೆಲ್ಲ ಆ ಬೀಸಣಿಗೆಗೆ. ಬೇರೆ ಯಾರಿಗೂ ಬಾಗಿದ ನೆನಪಿಲ್ಲ.

ಅಂದು ಶಂಖ ಊದಿದಾಗ ಅಪ್ಪ ಏನು ಹೇಳಿದರೆಂದು ಅವರನ್ನೇ ಕೇಳು. ನಾನು ಹೇಳುವುದಿಲ್ಲ.

ಮಿಕಾ

ಅವಳ ಕೈಯಲ್ಲಿ ಪುಸ್ತಕವಿತ್ತೆಂದು ನಿನ್ನ ಕಾಗದದಿಂದ ತಿಳಿಯಿತು. ಏನೋ ಬೆಳ್ಳಗೆ ಹಾರಿತ್ತು. ನಾನು ಹಕ್ಕಿ ಎಂದುಕೊಂಡಿದ್ದೆ.


ಫಾಗಾಲೇಲೆ
ಜೂನ್ ೩೦, ೧೯೯೭

ಪ್ರೀತಿಯ ಅಣ್ಣ,

ಕೇಳಿದೆ. ಅಪ್ಪ ದೋಣಿಯ ಪಕ್ಕದಲ್ಲಿ ಕೂತು ಹಗ್ಗ ಸುತ್ತುತ್ತಿದ್ದರು. "ಅಣ್ಣ ಕೇಳು ಅಂದಿದಾನೆ" ಎಂದೆ. ಅವರು ಹಗ್ಗವನ್ನು ಸುತ್ತಿ ಮುಗಿಸಿ, ಬಿಚ್ಚಿ, ಮತ್ತೆ ಸುತ್ತಿದರು. ಆ ಸಂಜೆ ಶಂಖ ಊದಿದಾಗ ಬೈಬಲನ್ನು ದೊಡ್ಡಪ್ಪನ ಕಡೆಗೆ ಸರಿಸಿ, "ನೀನು ಓದು" ಎಂದರು. ಅಂದಿನಿಂದ ದೊಡ್ಡಪ್ಪನೇ ಓದುತ್ತಿದ್ದಾರೆ. ಅಪ್ಪ ಹಿಂದೆ, ಮಕ್ಕಳ ಜೊತೆ ಕೂರುತ್ತಾರೆ.

ಹೋದ ವಾರ ಅಪ್ಪನಿಗೆ ದಂಡೆಗೆ ಊಟ ತೆಗೆದುಕೊಂಡು ಹೋಗಿದ್ದೆ. ಸಮುದ್ರದ ಕಡೆ ನೋಡುತ್ತಲೇ ಹೇಳಿದರು.

"ಗಾಡಿಗೆ ಐಸು ತುಂಬಿ ಆಗಿತ್ತು. ಕೊನೇ ಹಡಗಿಗೆ ಮೀನು ಹತ್ತಿಸಬೇಕಿತ್ತು. 'ಶಂಖ ಊದಿತಪ್ಪಾ, ಮುಗಿಯೋವರೆಗೂ ನಿಂತ್ಕೊಳ್ಲಾ' ಅಂತ ಕೇಳಿದ ಅವನು. ಅವನು ಕೇಳಿದ, ತಿನೋ. ನಾನು, 'ಹಡಗು ಕಾಯಲ್ಲ, ದೇವರು ಕಾಯ್ತಾನೆ, ಹೋಗು' ಅಂದೆ."

ನನಗೆ ಕೋಪ ಬಂತು. ಊಟದ ಬುಟ್ಟಿಯನ್ನು ಮರಳಿನ ಮೇಲೆ ಇಟ್ಟು ತಿರುಗಿ ನೋಡದೆ ಬಂದೆ. ಸಭೆಯ ಹಿರಿಯರು, ಊರಿನವರಿಗೆಲ್ಲ ತಲೆ ಬಾಗಿ ಎಂದು ಹೇಳುವವರು. ಆ ಚಾಪೆಯ ಕೆಳಗೆ ಕೂತಿದ್ದಾಗ, "ಮೊಣಕಾಲು ಯಾರದು" ಎಂದು ಅಜ್ಜಿ ಕೇಳಿದಾಗ, ಈ ಮಾತು ಅವರ ಗಂಟಲಲ್ಲೇ ಇತ್ತು. ಮಗನ ಪರವಾಗಿ ಬಂದ ದೊಡ್ಡ ಮನಸ್ಸಿನ ತಂದೆಯ ಹಾಗೆ ಎದ್ದು ಬಂದರು.

ಅಣ್ಣ, ನೀನು ಅದಕ್ಕೇ ಓಡಿಹೋದೆಯಾ? ನಿನ್ನ ಕಾಗದ ಓದಿದಾಗ ಹಾಗನ್ನಿಸಿತು. ಅಪ್ಪನ ಮಾತು ನಿನ್ನ ಬಳಿ ಇದೆ, ಅದು ನಿನಗೆ ಕೊಡೆಯ ಹಾಗೆ. ಎಷ್ಟು ದಿನ ಅದರ ಕೆಳಗೆ ನಿಲ್ಲುತ್ತೀಯೋ ತಿಳಿಯದು.

ನೀರಿನ ನಲ್ಲಿಯ ಹತ್ತಿರ ಲಿತಿಯಾ ಅಜ್ಜಿ ಸಿಕ್ಕಿದ್ದರು. ನಾನು ಕೊಡ ಬಿಟ್ಟು ಹಿಂದೆ ಸರಿದೆ.

"ನಿಲ್ಲೇ, ನಾನೇನು ಕಚ್ಚಲ್ಲ. ನಿಮ್ಮಣ್ಣ ಊಟ ಮಾಡ್ತಾನಾ?"

"ಮಾಡ್ತಾನಜ್ಜಿ."

"ನಾನೂ ಮಾಡ್ತೀನಿ ನೋಡು. ನಾಚಿಕೆ ಇಲ್ಲದ ಹೊಟ್ಟೆ ಇದು." ಕೊಡ ತುಂಬಿ ಹರಿಯುತ್ತಿತ್ತು, ಅವರು ನಲ್ಲಿ ನಿಲ್ಲಿಸಲಿಲ್ಲ. "ಓಡು ಅಂದೋಳು ನಾನು. ಪುಸ್ತಕ ಇಲ್ಲದೆ ಹಾಡೋಕೆ ಬರಲ್ವಾ ನನಗೆ? ಅರವತ್ತು ವರ್ಷದಿಂದ ಹಾಡ್ತಿದೀನಿ. ಹೊಸ ಕನ್ನಡಕ ಹಾಕ್ಕೊಂಡು ಓದೋ ಜಂಬ ನನಗೆ. ದಿನಾ ಅವನ ಮುಂದೆ ಅದನ್ನೇ ಹೇಳ್ತೀನಿ."

ಯಾರ ಮುಂದೆ ಎಂದು ನಾನು ಕೇಳಲಿಲ್ಲ.

ಪೊಲೀಸ್ ಸಾರ್ಜೆಂಟ್ ಬಂದಿದ್ದರು. ರಾಜಧಾನಿ ಆಪಿಯಾದಿಂದ ಆಸ್ಟ್ರೇಲಿಯಾಕ್ಕೆ ಕಾಗದ ಹೋಗಿದೆಯಂತೆ. "ಅವನಾಗೇ ಬಂದ್ರೆ ನಾನು ಬಂದರಿನಲ್ಲಿ ಟೋಪಿ ತೆಗೆದು ನಿಂತ್ಕೊಳ್ತೀನಿ. ಹಿಡ್ಕೊಂಡು ಬಂದ್ರೆ ಕೈಗೆ ಬೇಡಿ ಹಾಕ್ಬೇಕಾಗುತ್ತೆ. ಬರೋದಂತೂ ಬರ್ತಾನೆ" ಎಂದರು.

ನಿನ್ನ
ತಿನೋ


ಕ್ವೀನ್ಸ್‌ಲ್ಯಾಂಡ್
ಆಗಸ್ಟ್ ೨೪, ೧೯೯೭

ತಿನೋ,

ನಿನ್ನ ಕೊಡೆಯ ಮಾತಿಗೆ ಸಿಟ್ಟು ಬಂದು ಉತ್ತರ ಬರೆಯಬಾರದೆಂದಿದ್ದೆ.

ನನ್ನ ವೀಸಾ ಮುಗಿದಿದೆ. ಮೊನ್ನೆ ತೋಟಕ್ಕೆ ಅಧಿಕಾರಿಗಳು ಬಂದರು. ಮೇಸ್ತ್ರಿ ಶಿಳ್ಳೆ ಹಾಕಿದ. ಕಾಗದಪತ್ರ ಸರಿಯಿಲ್ಲದವರೆಲ್ಲ ಓಡಿದರು. ನಾನು ನೀರಿನ ಕಾಲುವೆಗೆ ಇಳಿದು ಕೆಸರಿನಲ್ಲಿ ಮಂಡಿಯೂರಿ, ತಲೆ ತಗ್ಗಿಸಿ, ಮೇಲೆ ಒಂದು ಹಳೆಯ ಗೋಣಿ ಎಳೆದುಕೊಂಡು ಕೂತೆ. ಅವರ ಬೂಟಿನ ಸದ್ದು ದಂಡೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಪಕ್ಕದಲ್ಲಿ ಫಿಜಿಯ ಹುಡುಗನೊಬ್ಬ ನನ್ನ ಹಾಗೆಯೇ ಕೂತಿದ್ದ. "ಪ್ರಾರ್ಥನೆ ಮಾಡ್ತಿದೀಯಾ?" ಎಂದು ಪಿಸುಗುಟ್ಟಿದ. ಇಲ್ಲ ಎಂದೆ. "ಮತ್ತೆ ಹಾಗೇ ಕಾಣ್ತಿದೀಯ" ಎಂದ.

ಆಗ ಯಾಕೋ ನಗು ಬಂತು. ಬಾಯಿಗೆ ಕೆಸರಿನ ಕೈ ಒತ್ತಿ ಹಿಡಿದೆ. ಬಾಗಲಾರೆ ಎಂದು ಇಷ್ಟು ದೂರ ಬಂದವನು ನಾನು. ಹಣೆ ನೀರಿಗೆ ತಾಗುತ್ತಿತ್ತು. ಮೊಣಕಾಲು ಬಾಗಿಯೇ ಇತ್ತು, ಮೇಲೆ ಹೊದಿಕೆಯೂ ಇತ್ತು. ಯಾರ ಮುಂದೆ ಎಂಬುದೊಂದು ಇರಲಿಲ್ಲ. ಅಲ್ಲಿ ಯಾರೂ ಬಂದು ಗೋಣಿ ಎತ್ತಿ "ಏಳು" ಎನ್ನುವವರಿಲ್ಲ. ಎತ್ತಿದರೆ ಎಳೆದುಕೊಂಡು ಹೋಗುವವರೇ.

ಅವರು ಹೋದರು. ಫಿಜಿಯ ಹುಡುಗ ಸಿಕ್ಕಿಬಿದ್ದ. ಅವನು ಕೆಮ್ಮಿದ್ದ. ನಾನು ಕೆಮ್ಮಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪ ಹೋಗು ಎಂದದ್ದು ನಿಜ. ಆದರೆ ಪ್ರಾರ್ಥನೆಯ ಹೊತ್ತಿಗೆ ರಸ್ತೆ ಕಾಯುವ ಹುಡುಗರು ನಿಲ್ಲು ಎಂದು ಕೈ ತೋರಿಸಿದಾಗ ನಾನು ನಕ್ಕು ಕೈ ಬೀಸಿ ಇನ್ನೂ ಜೋರಾಗಿ ಓಡಿಸಿದೆ. ಅದನ್ನು ಅಪ್ಪ ಹೇಳಿರಲಿಲ್ಲ.

ಯಾವಾಗ ಬರುತ್ತೀಯ ಎಂದು ಕೇಳಬೇಡ.

ಮಿಕಾ


ಫಾಗಾಲೇಲೆ
ಸೆಪ್ಟೆಂಬರ್ ೧೫, ೧೯೯೭

ಮಗನೇ ಮಿಕಾ,

ನಿನ್ನ ತಂಗಿ ನಿನ್ನ ಕಾಗದಗಳನ್ನು ನನಗೆ ಓದಿ ಹೇಳಿದಳು. ಪೂರ್ತಿ ಓದಿದಳೋ ಇಲ್ಲವೋ, ನಡುವೆ ಎರಡು ಸಲ ನಿಲ್ಲಿಸಿದಳು.

ನಾನು ಭಾಷಣ ಮಾಡಿ ಬದುಕಿದವನು. ಬರೆಯುವುದು ಕಷ್ಟ. ಒಂದು ದಿನ ಎಲ್ಲರ ಮೊಣಕಾಲೂ ಬಾಗುತ್ತದೆ ಎಂದು ಪಾದ್ರಿಗಳು ಎಷ್ಟೋ ಸಲ ಹೇಳಿದ್ದಾರೆ. ಮುಂದಿನ ಸಾಲಿನಲ್ಲಿ ಕೂತು ನಾನು ತಲೆ ಆಡಿಸಿದ್ದೇನೆ. ಯಾವಾಗಲೂ ಅದು ಹಿಂದಿನ ಸಾಲಿನವರಿಗೆ ಹೇಳಿದ ಮಾತು ಎಂದುಕೊಂಡಿದ್ದೆ.

ದೇವರು ಕಾಯುತ್ತಾನೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ಅವನು ಕಾಯುತ್ತಿದ್ದಾನೆ. ರಾತ್ರಿ ನಿದ್ದೆ ಬರದಾಗ ಅವನು ಕಾಯುವುದು ನನಗೆ ಕೇಳಿಸುತ್ತದೆ. ಅವನು ಕಾಯುತ್ತಾನೆಂದು ನಾನು ಅವನನ್ನು ಬಂದರಿನ ಕೂಲಿಯವನ ಹಾಗೆ ನಿಲ್ಲಿಸಿಟ್ಟೆ.

ಕಲ್ಲು ನಾವೇ ಹೊತ್ತುಕೊಂಡು ಹೋಗುವುದು ನಮ್ಮ ಪದ್ಧತಿ. ನನ್ನ ಅಜ್ಜ ಹೇಳುತ್ತಿದ್ದ, ನಾವು ಹೊರದಿದ್ದರೆ ಬೇರೆ ಯಾರೋ ಆ ಕಲ್ಲನ್ನು ಕಾಯಿಸಿ ಇಡುತ್ತಾರೆ ಎಂದು. ಹೋದ ಸಲ ನಾನು ಕಲ್ಲು ಹೊತ್ತೆ, ತಪ್ಪು ಹೊರಲಿಲ್ಲ.

ಅಕ್ಟೋಬರಿನಲ್ಲಿ ಮಕ್ಕಳ ಬಿಳಿ ಭಾನುವಾರ ಬರುತ್ತದೆ. ಹೋದ ವರ್ಷ ಫೇತೂ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ಬೈಬಲಿನ ವಾಕ್ಯ ಹೇಳಿದ್ದಳು. ಅದರ ಹಿಂದಿನ ದಿನ, ಶನಿವಾರ ಬೆಳಗಿನ ಜಾವ, ನಾನು ಮತ್ತೆ ಆ ಅಂಗಳಕ್ಕೆ ಹೋಗುತ್ತೇನೆ. ಈ ಸಲ ನನ್ನ ಮೊಣಕಾಲಿಗಾಗಿಯೇ ಹೋಗುತ್ತೇನೆ. ನೀನು ಬಂದರೆ ಚಾಪೆ ದೊಡ್ಡದಿದೆ. ಬರದಿದ್ದರೆ ನಿನಗಾಗಿ ಕಾಯುವುದಿಲ್ಲ. ಕಾಯಿಸುವುದರ ಫಲ ನೋಡಿಯಾಗಿದೆ.

ಬೀಸಣಿಗೆಯ ವಿಷಯವನ್ನೂ ಓದಿದಳು. ಹೌದು, ನಾನೂ ಕಣ್ಣು ಬಿಟ್ಟಿರುತ್ತಿದ್ದೆ.

ನಿನ್ನ ತಂದೆ,
ಸಾಲೆವಾ


ಫಾಗಾಲೇಲೆ
ನವೆಂಬರ್ ೨೩, ೧೯೯೭

ಪ್ರೀತಿಯ ಅಣ್ಣ,

ಸೆರೆಮನೆಯಲ್ಲಿ ಕಾಗದ ಕೊಡುತ್ತಾರೆಂದು ಸಾರ್ಜೆಂಟ್ ಹೇಳಿದರು. ಒಡೆದು ಓದಿ ಆಮೇಲೆ ಕೊಡುತ್ತಾರಂತೆ. ಓದಲಿ.

ಅಕ್ಟೋಬರಿನಲ್ಲಿ ಬಂದು, ಇಫೋಗಾ ಮುಗಿಸಿ, ಆಪಿಯಾಕ್ಕೆ ಹೋಗುವ ಹಡಗಿನಲ್ಲಿ ನೀನು, "ಚಾಪೆಯ ಕೆಳಗೆ ಏನೂ ಕಾಣಲಿಲ್ಲ, ನೀನು ನೋಡಿದ್ದನ್ನ ಹೇಳು" ಎಂದೆ. ಸಾರ್ಜೆಂಟ್ ಪಕ್ಕದಲ್ಲಿದ್ದರು, ನನಗೆ ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ.

ನೀವು ಹೊರಟಾಗ ಇನ್ನೂ ಕತ್ತಲಿತ್ತು. ಕಲ್ಲುಗಳನ್ನು ನೀನೊಬ್ಬನೇ ಹೊತ್ತೆ, ಅಪ್ಪ ಸೌದೆ ಹೊತ್ತರು. ದೊಡ್ಡಪ್ಪ ಬರುತ್ತೇನೆಂದರೂ ಅಪ್ಪ ಬೇಡವೆಂದರು. ನಾನು ಹಿಂದಿನಿಂದ ಬಂದು ರಸ್ತೆಯ ಈಚೆ ನಿಂತೆ. ಸಾರ್ಜೆಂಟ್ ದೀವಿಹಲಸಿನ ಮರದ ಬುಡದಲ್ಲಿ ಟೋಪಿ ಮಡಿಲಲ್ಲಿಟ್ಟು ಕೂತಿದ್ದರು. ದಿನವಿಡೀ ಅಲ್ಲಿಂದ ಏಳಲಿಲ್ಲ.

ಬೆಳಕು ಹರಿದಾಗ ಫೇತೂವಿನ ಅಪ್ಪ ಪೆಲೆನಾತೋ ಕತ್ತಿ ಹಿಡಿದು ಬಂದ. ಬೆನ್ನಿನ ಮೇಲೆ ಏನೋ ತಾಗಿತು, ಎಲೆ ಬಿದ್ದಿತೆಂದುಕೊಂಡೆ ಎಂದೆಯಲ್ಲ. ಅದು ಎಲೆಯಾಗಿರಲಿಲ್ಲ. ಕತ್ತಿಯ ತುದಿ ಚಾಪೆಯ ಮೇಲೆ ಇತ್ತು. ಸಾರ್ಜೆಂಟ್ ಎದ್ದು ನಿಲ್ಲುವುದರಲ್ಲಿದ್ದರು. ಆಗಲೇ ಅಪ್ಪ ಒಳಗಿನಿಂದ ಮಾತಾಡಿದ್ದು. ಊರ ಸಭೆಯ ದನಿ ಅದಾಗಿರಲಿಲ್ಲ.

"ಲಿತಿಯಾ ಅಮ್ಮ, ಶಂಖ ಊದಿದಾಗ ಹುಡುಗ ನಿಂತ್ಕೊಳ್ಲಾ ಅಂದ. ಹಡಗು ಕಾಯಲ್ಲ, ದೇವರು ಕಾಯ್ತಾನೆ, ಹೋಗು ಅಂದೋನು ನಾನು. ಹೋದ ಸಲಾನೂ ಈ ಮಾತು ಬಾಯಲ್ಲಿತ್ತು, ನುಂಗ್ಕೊಂಡೆ. ದೇವರ ಮುಂದೆ ನುಂಗ್ಕೊಂಡೆ, ನಿಮ್ಮ ಮುಂದೆ ನುಂಗ್ಕೊಂಡೆ. ನೀವು ಎಬ್ಬಿಸಿ ಕಳಿಸಿದ್ದು ಸರಿ."

ಆಮೇಲೆ ನಿನ್ನ ದನಿ. "ಕಾಲು ನಂದು. ಬ್ರೇಕು ಪಕ್ಕದಲ್ಲೇ ಇತ್ತು."

ಪೆಲೆನಾತೋ ಕತ್ತಿ ಹೆಗಲಿಗೇರಿಸಿ ತೋಟಕ್ಕೆ ಹೊರಟುಹೋದ. ಅಜ್ಜಿ ಹೊರಗೆ ಬರಲೇ ಇಲ್ಲ.

ಬಿಸಿಲು ಏರಿತು. ಚರ್ಚಿನಿಂದ ಮಕ್ಕಳು ವಾಕ್ಯ ಅಭ್ಯಾಸ ಮಾಡುವುದು ಕೇಳುತ್ತಿತ್ತು. ಹೋದ ವರ್ಷ ಫೇತೂ ಹೇಳಿದ ಸಾಲನ್ನು ಅವಳ ತಂಗಿ ಹೇಳುತ್ತಿದ್ದಳು, ತಡವರಿಸುತ್ತ, ಮೊದಲಿನಿಂದ ಶುರುಮಾಡುತ್ತ. ನಿನಗೂ ಕೇಳಿಸಿರಬೇಕು. ಚಾಪೆ ಅಲುಗಿದ್ದು ಆಗಲೇ.

ಮಧ್ಯಾಹ್ನ ಅಜ್ಜಿ ಕಡ್ಡಿ ಪೊರಕೆ ಹಿಡಿದು ಬಂದರು. ಶನಿವಾರವಲ್ಲವೇ, ಅಂಗಳ ಗುಡಿಸಬೇಕು. ನೀವಿಬ್ಬರೂ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಗುಡಿಸುತ್ತ ಬಂದರು. ಚಾಪೆಯ ಅಂಚಿನವರೆಗೆ ಬಂದು ಅದರ ಸುತ್ತಲೂ ಗುಡಿಸಿದರು. ಮುಂದೆ ಮೊಮ್ಮಗಳ ಗೋರಿಯ ಸುತ್ತ ಗುಡಿಸಿದರು. ಎರಡರ ಸುತ್ತಲೂ ಒಂದೇ ಥರ ಗುಡಿಸಿದರು. ಅದನ್ನು ಹೇಗೆ ತಿಳಿಯಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಂಜೆಯಾಯಿತು. ಇನ್ನು ಎತ್ತುವುದಿಲ್ಲ, ಸಾರ್ಜೆಂಟ್ ಬಂದು ಎಬ್ಬಿಸುತ್ತಾರೆ ಎಂದುಕೊಂಡೆ. ಆಗ ಶಂಖ ಊದಿತು. ನಾನು ನಿಂತಲ್ಲೇ ರಸ್ತೆಯ ಬದಿಯಲ್ಲಿ ಕೂತೆ. ಮನೆಮನೆಯಲ್ಲೂ ಹಾಡು ಶುರುವಾಯಿತು, ಗೋಡೆಯಿಲ್ಲದ ಅವರ ಮನೆಯಲ್ಲಿ ಮಾತ್ರ ಆಗಲಿಲ್ಲ. ಎಲ್ಲರೂ ಅಜ್ಜಿಯನ್ನು ನೋಡುತ್ತಿದ್ದರು, ಅಜ್ಜಿ ಅಂಗಳವನ್ನು ನೋಡುತ್ತಿದ್ದರು. ಶಂಖ ಊದಿದ ಮೇಲೆ ನಮ್ಮೂರಲ್ಲಿ ಯಾರೂ ಏಳುವುದಿಲ್ಲ. ಅವರು ಎದ್ದರು. ಮೆಟ್ಟಿಲಿಳಿದು ಬಂದು, ಬಗ್ಗಿ, ಎರಡೂ ಕೈಯಿಂದ ಚಾಪೆ ಎತ್ತಿದರು.

ಮುಂದಿನದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆಯಲು ಇಷ್ಟ.

"ಶಂಖ ಊದಿದ್ದು ಕೇಳಿಸಲಿಲ್ವಾ? ಚಾಪೆ ಹೊದ್ಕೊಂಡು ಯಾರಾದ್ರೂ ಪ್ರಾರ್ಥನೆ ಮಾಡ್ತಾರಾ? ಒಳಗೆ ಬನ್ನಿ."

ಅಪ್ಪ ಎದ್ದರು. ನಿನಗೆ ಮೊಣಕಾಲು ಬಿಡಿಸಲು ಆಗಲಿಲ್ಲ. "ಬಾಗೋದು ಕಲಿತೆ, ಏಳೋದು ಮರೆತ್ಯಾ?" ಎಂದರು ಅಜ್ಜಿ. ನಗಲಿಲ್ಲ. ನಿನ್ನ ತೋಳು ಹಿಡಿದರು. ಒಳಗೆ ಪುಸ್ತಕವಿಲ್ಲದೆ ಹಾಡು ತೆಗೆದರು. ನೀನು ಹಾಡಲಿಲ್ಲ, ನಿನ್ನ ತಲೆ ನೆಲದಲ್ಲಿತ್ತು. ಅಲ್ಲಿ ಯಾರ ಕೈಯಲ್ಲೂ ಬೀಸಣಿಗೆ ಇರಲಿಲ್ಲ.

ನಿನಗೆ ಕಾಣದ್ದು ಇನ್ನೊಂದಿದೆ. ಪೆಲೆನಾತೋ ತೋಟದಿಂದ ಕೆಸುವಿನ ಗೆಡ್ಡೆ ಹೊತ್ತು ಬಂದು ಹೊರಗೇ ನಿಂತಿದ್ದ. ಪ್ರಾರ್ಥನೆ ಮುಗಿಯುವವರೆಗೂ ಕುಳಿತುಕೊಳ್ಳಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ. ಆಮೆನ್ ಆದ ಮೇಲೆ ಅಂಗಳದಲ್ಲಿದ್ದ ನಿಮ್ಮ ಸೌದೆ ಎತ್ತಿಕೊಂಡ, ನಿಮ್ಮ ಕಲ್ಲುಗಳನ್ನೂ. ಹಿತ್ತಲಲ್ಲಿ ಒಲೆ ಹೂಡಿ, ಕಲ್ಲು ಕಾಯಿಸಿ, ಗೆಡ್ಡೆ ಬೇಯಲು ಇಟ್ಟ. ನೀವು ಅಂದು ಅಲ್ಲಿ ತಿಂದದ್ದು ಅದನ್ನೇ.

ಅಜ್ಜಿ ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಿಲ್ಲ. ಪೆಲೆನಾತೋ ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ನೀನಾಗಿ ಬಂದದ್ದನ್ನೂ ಇಫೋಗಾವನ್ನೂ ನ್ಯಾಯಾಧೀಶರು ಗಮನಿಸಿದರು, ಆದರೂ ಜೈಲು ಜೈಲೇ. ನೀನು ಅಲ್ಲಿ ಸಂಜೆ ಏನು ಮಾಡುತ್ತೀಯ ಎಂದು ನಾನು ಕೇಳುವುದಿಲ್ಲ. ಹೇಳಬೇಕೆನಿಸಿದರೆ ಬರೆ.

ಗಾಡಿ ಮಾರಿಬಿಟ್ಟೆವು. ಅಪ್ಪ ಈಗ ಮೀನನ್ನು ತಳ್ಳುಗಾಡಿಯಲ್ಲಿ ಬಂದರಿಗೆ ಒಯ್ಯುತ್ತಾರೆ. ನಿನ್ನೆ ತಡವಾಗಿತ್ತು. ಲಿತಿಯಾ ಅಜ್ಜಿಯ ಮನೆಯ ಮುಂದೆ ಬರುವಾಗ ಶಂಖ ಊದಿತು. ಕೊನೆಯ ಹಡಗು ಬಂದರಿನಲ್ಲಿ ಕೂಗುತ್ತಿತ್ತು. ಅಪ್ಪ ಗಾಡಿಯನ್ನು ರಸ್ತೆಯ ನಡುವೆಯೇ ಬಿಟ್ಟು ಪಕ್ಕದಲ್ಲಿ ನೆಲಕ್ಕೆ ಕೂತರು. ಐಸು ಕರಗಿ ಗಾಡಿಯಿಂದ ನೀರು ಸೋರುತ್ತಿತ್ತು. ಹಡಗು ಹೋಯಿತು.

ಆ ಮೀನನ್ನು ರಾತ್ರಿ ನಾವೇ ಬೇಯಿಸಿದೆವು. ಒಂದನ್ನು ಎಲೆಯಲ್ಲಿ ಸುತ್ತಿ ಅಜ್ಜಿಯ ಮನೆಗೆ ಕಳಿಸಿದೆವು. ಅದು ಹಿಂದಕ್ಕೆ ಬರಲಿಲ್ಲ.

ನಿನ್ನ ತಂಗಿ,
ತಿನೋ